ಕುದುರೆಗಳ ಗೆಳತಿ ಅನ್ನಾ ಸ್ಯೂಯೆಲ್

ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಎಂಬ ಕಡಲತೀರದ ಊರಿನಲ್ಲಿ 1820ರಲ್ಲಿ ಅನ್ನಾ ಸ್ಯೂಯೆಲ್ ಜನಿಸಿದರು. ಅವರ ತಾಯಿ ಮೇರಿ ಲೇಖಕಿ. ಮಗಳಿಗೆ ಮನೆಯಲ್ಲಿಯೇ ಅಕ್ಷರದೊಡನೆ ಪ್ರಾಣಿದಯೆಯನ್ನೂ ಕಲಿಸಿದರು.

ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆಯಿಂದ ಮರಳುವಾಗ ಅನ್ನಾ ಜಾರಿಬಿದ್ದರು. ಕಣಕಾಲುಗಳಿಗೆ ಆದ ಪೆಟ್ಟು ಕೊನೆಯವರೆಗೂ ವಾಸಿಯಾಗಲಿಲ್ಲ. ದೂರ ನಡೆಯಲಾರದ ಅವರಿಗೆ ಕುದುರೆಯೇ ಕಾಲಾಯಿತು. ಪುಟ್ಟ ಗಾಡಿಯನ್ನು ತಾವೇ ನಡೆಸಿ ತಂದೆಯನ್ನು ರೈಲು ನಿಲ್ದಾಣಕ್ಕೆ ಕರೆದೊಯ್ಯುತ್ತಿದ್ದರು. ಲಗಾಮನ್ನು ಸಡಿಲವಾಗಿ ಹಿಡಿದು, ಗೆಳೆಯನೊಡನೆ ಮಾತನಾಡುವಂತೆ ಕುದುರೆಯೊಡನೆ ಮಾತನಾಡುವುದು ಅವರ ರೂಢಿ.

ಅಂದು ಶ್ರೀಮಂತರಲ್ಲಿ ಕ್ರೂರ ಪದ್ಧತಿಯೊಂದು ಬಳಕೆಯಲ್ಲಿತ್ತು. ಗಾಡಿಯ ಕುದುರೆ ಠೀವಿಯಿಂದ ಕಾಣಲೆಂದು ಅದರ ತಲೆಯನ್ನು ಪಟ್ಟಿಯಿಂದ ಮೇಲಕ್ಕೆ ಬಿಗಿದು ಕಟ್ಟುತ್ತಿದ್ದರು. ಕುತ್ತಿಗೆ ಚಾಚಲಾರದ ಕುದುರೆ ಏರುದಾರಿಯಲ್ಲಿ ಭಾರವೆಳೆಯುತ್ತ ಏದುಸಿರು ಬಿಡುತ್ತಿತ್ತು. ಬಾಯಿಲ್ಲದ ಜೀವಿಯ ಈ ಸಂಕಟವು, ನೋವೆಂದರೇನೆಂದು ಬಲ್ಲ ಅನ್ನಾ ಅವರ ಮನಸ್ಸನ್ನು ಕಲಕಿತು.

1871ರಲ್ಲಿ, ಕಾಯಿಲೆಯಿಂದ ಮನೆ ಬಿಟ್ಟು ಹೊರಡಲಾರದಂತಾದಾಗ, ಕುದುರೆಯೊಂದು ತನ್ನ ಬಾಳಿನ ಕಥೆಯನ್ನು ತಾನೇ ಹೇಳುವ ಕಾದಂಬರಿಯನ್ನು ಅವರು ಆರಂಭಿಸಿದರು. ಶಕ್ತಿಯಿದ್ದಾಗ ಚೀಟಿಗಳ ಮೇಲೆ ಬರೆದರು. ಇಲ್ಲದಾಗ ಬಾಯಲ್ಲಿ ಹೇಳಿದರು. ತಾಯಿ ಅದನ್ನೆಲ್ಲ ಬರೆದಿಟ್ಟರು. 1877ರಲ್ಲಿ ‘ಬ್ಲ್ಯಾಕ್ ಬ್ಯೂಟಿ’ ಪ್ರಕಟವಾಯಿತು. ಐದು ತಿಂಗಳು ಕಳೆಯುವಷ್ಟರಲ್ಲಿ, 1878ರ ಏಪ್ರಿಲಿನಲ್ಲಿ, ಅನ್ನಾ ತೀರಿಕೊಂಡರು. ಅವರು ಬರೆದ ಕಾದಂಬರಿ ಅದೊಂದೇ.

1890ರಲ್ಲಿ ಅಮೆರಿಕದ ಪ್ರಾಣಿದಯಾ ಸಂಘವೊಂದು ಆ ಕೃತಿಯನ್ನು ಅಚ್ಚು ಹಾಕಿಸಿ ಗಾಡಿ ಹೊಡೆಯುವವರಿಗೆ ಹಂಚಿತು. ಬಿಗಿಪಟ್ಟಿಯ ವಿರುದ್ಧ ಜನಮನ ತಿರುಗಲು ಕೃತಿ ನೆರವಾಯಿತು. ನಡೆಯಲಾರದ ತಮಗೆ ಕಾಲಾದ ಪ್ರಾಣಿಗೆ ಅನ್ನಾ ದನಿಯಾಗಿ ಋಣ ತೀರಿಸಿದರು.