ಜಾನ್ ಮೆಕ್‌ಇವನ್

ಸರ್ ಜಾನ್ ಮೆಕ್‌ಇವನ್ (ಮಾರ್ಚ್ ೨೯, ೧೯೦೦ – ನವೆಂಬರ್ ೨೦, ೧೯೮೦) ಆಸ್ಟ್ರೇಲಿಯಾದ ರೈತವರ್ಗವನ್ನು ಪ್ರತಿನಿಧಿಸಿದ ಕಂಟ್ರಿ ಪಕ್ಷದ ನಾಯಕರು. ವಿಕ್ಟೋರಿಯಾ ರಾಜ್ಯದ ಚಿಲ್ಟರ್ನ್‌ನಲ್ಲಿ ಜನಿಸಿದ ಅವರು ಏಳನೆಯ ವಯಸ್ಸಿನ ವೇಳೆಗೆ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದರು. ಮಾಜಿ ಸೈನಿಕರಿಗೆ ಭೂಮಿ ನೀಡುವ ಸರ್ಕಾರಿ ಯೋಜನೆಯಡಿ ಸ್ಟ್ಯಾನ್‌ಹೋಪ್‌ನಲ್ಲಿ ಜಮೀನು ಪಡೆದು ಕೃಷಿಕರಾದರು. ೧೯೩೪ರಲ್ಲಿ ಸಂಸತ್ತಿಗೆ ಆಯ್ಕೆಯಾದರು.

ಯುದ್ಧಕಾಲದ ದ್ವೇಷ ಇನ್ನೂ ಆರದಿದ್ದ ೧೯೫೭ರಲ್ಲಿ, ವಾಣಿಜ್ಯ ಸಚಿವರಾಗಿ ಜಪಾನಿನೊಂದಿಗೆ ವ್ಯಾಪಾರ ಒಪ್ಪಂದ ಮಾಡಿಕೊಂಡರು. ಇದರಿಂದ ಆಸ್ಟ್ರೇಲಿಯಾದ ಉಣ್ಣೆ ಮತ್ತು ಗೋಧಿಗೆ ಏಷ್ಯಾದಲ್ಲಿ ಭದ್ರವಾದ ಮಾರುಕಟ್ಟೆ ದೊರೆಯಿತು. ಆದರೆ ಕೈಗಾರಿಕೆಗಳ ರಕ್ಷಣೆಗಾಗಿ ಅವರು ಬೆಂಬಲಿಸಿದ ಆಮದು ಸುಂಕಗಳು ರೈತರ ಖರ್ಚನ್ನೇ ಹೆಚ್ಚಿಸಿದವೆಂಬ ಟೀಕೆಯೂ ಇದೆ.

ಪ್ರಧಾನಿ ಹೆರಾಲ್ಡ್ ಹೋಲ್ಟ್ ಸಮುದ್ರದಲ್ಲಿ ಕಣ್ಮರೆಯಾದಾಗ, ಡಿಸೆಂಬರ್ ೧೯, ೧೯೬೭ರಿಂದ ಜನವರಿ ೧೦, ೧೯೬೮ರವರೆಗೆ ಮೆಕ್‌ಇವನ್ ಪ್ರಧಾನಿಯಾಗಿದ್ದರು. ವಿಲಿಯಂ ಮೆಕ್‌ಮಹನ್ ಅವರ ನಾಯಕತ್ವವನ್ನು ತಮ್ಮ ಪಕ್ಷ ಒಪ್ಪದೆಂದು ಅವರು ಪಟ್ಟು ಹಿಡಿದುದರಿಂದ ಆ ಸ್ಥಾನ ಜಾನ್ ಗಾರ್ಟನ್ ಅವರಿಗೆ ಒಲಿಯಿತು. ಮೆಕ್‌ಇವನ್ ೧೯೭೧ರಲ್ಲಿ ರಾಜಕೀಯದಿಂದ ನಿವೃತ್ತರಾದರು.