ಮೋಡದೊಳಗೆ ಪೈಲಟ್‌ಗೆ ದಾರಿ ತೋರುವುದು ಅನುಭವವೋ, ಮೀಟರೋ?

ಆಷಾಢದಲ್ಲಿ ನಮ್ಮ ಕುಲಗೋಡದ ಮೇಲೆ ಮೋಡ ಕವಿದಾಗ ವಿಮಾನದ ಸದ್ದಷ್ಟೇ ಕೇಳುತ್ತದೆ. ನಮಗೆ ವಿಮಾನ ಕಾಣದಿದ್ದರೆ ಪೈಲಟ್‌ಗೂ ನೆಲ ಕಾಣುವುದಿಲ್ಲ. ನುರಿತ ಪೈಲಟ್‌ಗೆ ಅದೆಲ್ಲ ಮೈಗೇ ಗೊತ್ತಾಗುತ್ತದೆ ಎಂದು ಹಲವರು ನಂಬಿದ್ದಾರೆ. ಇದು ತಪ್ಪು.

ಮಕ್ಕಳು ಗರಗರ ತಿರುಗಿ ನಿಂತಾಗ, ನಿಂತ ಮೇಲೂ ನೆಲ ತಿರುಗಿದಂತೆ ಅನಿಸುತ್ತದಲ್ಲ? ಒಳಕಿವಿಯ ದ್ರವದ ಆಟ ಅದು. ಮೋಡದಲ್ಲಿ ವಿಮಾನ ಮೆಲ್ಲಗೆ ಒಂದೇ ಕಡೆ ತಿರುಗುತ್ತಿದ್ದರೆ, ಸ್ವಲ್ಪ ಹೊತ್ತಿನಲ್ಲೇ ಕಿವಿ ಅದನ್ನು ನೇರ ಹಾರಾಟವೆಂದು ತಿಳಿಯುತ್ತದೆ. ಅದನ್ನು ನಂಬಿದ ಪೈಲಟ್ ಸುತ್ತುತ್ತಲೇ ಕೆಳಗಿಳಿಯುತ್ತಾನೆ.

ಇದಕ್ಕೆ ದಾರಿ ಹುಡುಕಿದವರಲ್ಲಿ ಅಮೆರಿಕದ ಜಿಮ್ಮಿ ಡೂಲಿಟಲ್ ಮುಖ್ಯರು. 1942ರ ಟೋಕಿಯೊ ಬಾಂಬ್ ದಾಳಿಯ ಮುಂದಾಳು ಎಂದೇ ಅವರ ಹೆಸರು ಓಡಾಡುತ್ತದೆ. ನಮಗೆ ಅದಕ್ಕಿಂತ ದೊಡ್ಡದು ಈ ಕೆಲಸ. ಹುಟ್ಟಿದ್ದು 1896ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಬಾಲ್ಯ ಅಲಾಸ್ಕಾದ ಹಿಮದಲ್ಲಿ. 1922ರಲ್ಲಿ ಫ್ಲೋರಿಡಾದಿಂದ ಕ್ಯಾಲಿಫೋರ್ನಿಯಾಕ್ಕೆ 24 ಗಂಟೆಯೊಳಗೆ ಹಾರಿದರು. ಆ ರಾತ್ರಿ ಗುಡುಗು ಮಳೆಯ ಕತ್ತಲಲ್ಲಿ ಅವರನ್ನು ಕಾಪಾಡಿದ್ದು, ವಿಮಾನ ತಿರುಗುತ್ತಿದೆಯೇ ಎಂದು ತೋರಿಸುವ ಒಂದು ಪುಟ್ಟ ಮೀಟರ್. 1925ರಲ್ಲಿ ಎಂಐಟಿಯಿಂದ ಡಾಕ್ಟರೇಟ್ ಪಡೆದರು.

1929ರ ಸೆಪ್ಟೆಂಬರ್ 24. ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ ಬೆಳಿಗ್ಗೆ ದಟ್ಟ ಮಂಜು. ಡೂಲಿಟಲ್ ಒಬ್ಬರೇ ಆ ಮಂಜಿನೊಳಗೆ ಏರಿ, ಸುಮಾರು ಹತ್ತು ನಿಮಿಷದಲ್ಲಿ ಇಳಿದು ಬಂದರು. ದಾಖಲೆಯ ಹಾರಾಟ ನಡೆದದ್ದು ಆಮೇಲೆ. ಕಾಕ್‌ಪಿಟ್‌ಗೆ ಬಟ್ಟೆಯ ಮುಸುಕು ಹಾಕಿ, ಹೊರಗಿನದೇನೂ ಕಾಣದಂತೆ ಮಾಡಲಾಯಿತು. ಇನ್ನೊಂದು ಸೀಟಿನಲ್ಲಿ ಬೆನ್ ಕೆಲ್ಸಿ ಎಂಬ ಪೈಲಟ್ ಇದ್ದರು, ಅಪಾಯ ಬಂದರಷ್ಟೇ ಕೈಹಾಕಲು. ಆ ಅಗತ್ಯ ಬೀಳಲಿಲ್ಲ. ಕೃತಕ ದಿಗಂತ, ಸೂಕ್ಷ್ಮವಾದ ಎತ್ತರದ ಮೀಟರ್, ರೇಡಿಯೊ ಸಂಕೇತ ಇವುಗಳನ್ನೇ ನಂಬಿ ಡೂಲಿಟಲ್ ಏರಿದರು, ಸುತ್ತು ಹಾಕಿದರು, 15 ನಿಮಿಷದಲ್ಲಿ ಇಳಿದರು.

ಇತಿಹಾಸ ಸೇರಿದ್ದು ಮುಸುಕಿನ ಹಾರಾಟ. ನಮಗೆ ಹೆಚ್ಚು ಹಿಡಿಸುವುದು ಬೆಳಗಿನ ಮಂಜಿನದು. ಇವತ್ತೂ ಉಪಕರಣ ನೋಡಿ ಹಾರುವ ಪರೀಕ್ಷೆಗೆ ಕಲಿಯುವವರು ಕಣ್ಣಿಗೆ ಮರೆ ಕಟ್ಟಿಕೊಂಡೇ ಬಹಳಷ್ಟು ಅಭ್ಯಾಸ ಮಾಡುತ್ತಾರೆ. ಆದರೆ ಮರೆಯ ಅಂಚಿನಲ್ಲಿ ನೆಲ ಇಣುಕುತ್ತದೆ, ಬಿಸಿಲಿನ ದಿಕ್ಕು ತಿಳಿಯುತ್ತದೆ, ಹೆದರಿದರೆ ತೆಗೆದುಬಿಡಬಹುದು. ಮೋಡವನ್ನು ತೆಗೆಯಲಾಗದು. ಅದಕ್ಕೇ ಪರೀಕ್ಷೆಗೆ ಮೊದಲು ಶಿಕ್ಷಕರ ಜೊತೆ ನಿಜವಾದ ಮೋಡದಲ್ಲಿ ಕೆಲವು ಗಂಟೆ ಹಾರಿಬಂದವರಿಗೆ, ಕಿವಿ ಸುಳ್ಳು ಹೇಳುವಾಗಲೂ ಮೀಟರ್ ನಂಬುವ ರೂಢಿ ಬಂದಿರುತ್ತದೆ. ಶಾಂತವಾದ, ಹಾಸಿದಂತಿರುವ ಮೋಡ ಇದಕ್ಕೆ ಸಾಕು. ನಮ್ಮ ಕಡೆ ಮೇ ತಿಂಗಳ ಸಂಜೆ ಎದ್ದು ನಿಲ್ಲುವ ಗುಡುಗಿನ ಮೋಡದ ಹತ್ತಿರ ಮಾತ್ರ ಎಷ್ಟೇ ನುರಿತವರೂ ಸುಳಿಯುವುದಿಲ್ಲ.