ಟಿಪ್ಪು ಸುಲ್ತಾನರ ಮಸ್ಕತ್ ಕೋಠಿ

ಟಿಪ್ಪು ಸುಲ್ತಾನ್ ಅಂದರೆ ನಮ್ಮ ಮನೆಯಲ್ಲಿ ಕತ್ತಿ, ಹುಲಿ, ಶಹಾದತ್‌ಗಳ ಮಾತೇ ಹೆಚ್ಚು. ವಾಣಿಜ್ಯ ವಿದ್ಯಾರ್ಥಿಯಾದ ನಾನು ಇಲ್ಲಿ ಅವರ ವ್ಯಾಪಾರ ಮತ್ತು ವಿದೇಶಾಂಗ ನೀತಿಯ ಬಗ್ಗೆ ಬರೆಯುತ್ತಿದ್ದೇನೆ.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು, ತಂದೆ ಹೈದರ್ ಅಲಿ 1782ರಲ್ಲಿ ತೀರಿಕೊಂಡ ಮೇಲೆ ಮೈಸೂರಿನ ಆಡಳಿತ ವಹಿಸಿಕೊಂಡರು. ಆಗ ಕೊಲ್ಲಿ ಪ್ರದೇಶದಲ್ಲಿ ಪೆಟ್ರೋಲ್ ವ್ಯಾಪಾರ ಇರಲಿಲ್ಲ. ಆದರೆ ಸೈನ್ಯಕ್ಕೆ ಬೇಕಾದ ಕುದುರೆ ಮತ್ತು ಮದ್ದಿಗೆ ಬೇಕಾದ ಗಂಧಕ ಆ ಕಡೆಯಿಂದ ಬರುತ್ತಿದ್ದವು. ಇಂದಿನ ದೇಶಗಳಿಗೆ ತೈಲ ಹೇಗೋ, ಅಂದಿನ ರಾಜ್ಯಗಳಿಗೆ ಇವು ಹಾಗೆ. ಈ ಪೂರೈಕೆಗಾಗಿ ಟಿಪ್ಪು ಒಮಾನಿನ ಮಸ್ಕತ್ ಬಂದರಿನಲ್ಲಿ ಸರ್ಕಾರಿ ವ್ಯಾಪಾರ ಕೋಠಿ ನಡೆಸಿದರು. ಇಲ್ಲಿಂದ ಅಕ್ಕಿ, ಕರಿಮೆಣಸು, ಏಲಕ್ಕಿ, ಶ್ರೀಗಂಧ ಹೋಗುತ್ತಿದ್ದವು. ಅಲ್ಲಿಂದ ಗಂಧಕ, ಖರ್ಜೂರದ ಸಸಿ, ರೇಷ್ಮೆ ಹುಳು ಕಳಿಸುವಂತೆ ಅವರು ಕೋಠಿಯ ಅಧಿಕಾರಿಗೆ ಪತ್ರ ಬರೆಯುತ್ತಿದ್ದರು.

ಕೋಠಿ ಒಂದೇ ಸಾಲದು, ಸಮುದ್ರದಾಚೆ ಮಿತ್ರರೂ ಬೇಕೆಂದು ಅವರಿಗೆ ಗೊತ್ತಿತ್ತು. 1786ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ಅವರ ರಾಯಭಾರಿಗಳು ನಾಲ್ಕು ಹಡಗುಗಳಲ್ಲಿ ತುರ್ಕಿ ಸುಲ್ತಾನರ ಬಳಿಗೆ ಹೊರಟರು. ಮಸ್ಕತ್, ಹೊರ್ಮುಜ್ ಜಲಸಂಧಿ, ಬಸ್ರಾ ಮಾರ್ಗವಾಗಿ ಇಸ್ತಾಂಬುಲ್ ಮುಟ್ಟಿದರು. ಬಸ್ರಾ ಬಂದರನ್ನು ಮೈಸೂರಿಗೆ ವಹಿಸಿದರೆ ಬದಲಿಗೆ ಮಂಗಳೂರು ಬಂದರು ಕೊಡುವ ಪ್ರಸ್ತಾಪ ಅವರ ಕೈಯಲ್ಲಿತ್ತು. ಈ ಯಾತ್ರೆಯಲ್ಲಿ ಹಡಗುಗಳು ಹಾಳಾದವು, ಬಹಳ ಜನ ಸತ್ತರು. ಅಷ್ಟರಲ್ಲಿ, 1787ರಲ್ಲಿ, ತುರ್ಕಿಗೂ ರಷ್ಯಾಕ್ಕೂ ಯುದ್ಧ ಹತ್ತಿತು. ಇಂಗ್ಲಿಷರನ್ನು ಎದುರು ಹಾಕಿಕೊಳ್ಳುವ ಸ್ಥಿತಿಯಲ್ಲಿ ತುರ್ಕಿ ಇರಲಿಲ್ಲ. ರಾಯಭಾರಿಗಳಿಗೆ ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ.

ಮುಂದಿನ ಯುದ್ಧದಲ್ಲಿ ಟಿಪ್ಪು ಒಂಟಿಯಾದರು. ನಮ್ಮ ಧಾರವಾಡ ಕೋಟೆಯನ್ನು ಅವರ ಸರದಾರ ಬದ್ರುಜ್ಜಮಾನ್ ಖಾನ್ ಆರು ತಿಂಗಳಿಗೂ ಹೆಚ್ಚು ಕಾಲ ಉಳಿಸಿಕೊಂಡು, 1791ರಲ್ಲಿ ಮರಾಠರಿಗೆ ಮತ್ತು ಇಂಗ್ಲಿಷರಿಗೆ ಒಪ್ಪಿಸಬೇಕಾಯಿತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಒತ್ತೆಯಾದರು. 1798ರಲ್ಲಿ ಕಂಪನಿಯವರು ಮಸ್ಕತ್ ದೊರೆಯ ಜೊತೆಗೂ ಒಪ್ಪಂದ ಮಾಡಿಕೊಂಡರು. ಮರುವರ್ಷ ಮೇ 4ರಂದು ಟಿಪ್ಪು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತಲೇ ಪ್ರಾಣ ಬಿಟ್ಟರು.

ತುರ್ಕಿಯವರೂ ಮುಸ್ಲಿಮರು, ಮಸ್ಕತ್‌ನವರೂ ಮುಸ್ಲಿಮರು. ಆದರೂ ಇಬ್ಬರೂ ಮೊದಲು ತಮ್ಮ ಲಾಭ ನಷ್ಟ ನೋಡಿಕೊಂಡರು. ಅವರನ್ನು ದೂರಿ ಪ್ರಯೋಜನವಿಲ್ಲ, ರಾಜ್ಯಗಳು ನಡೆಯುವುದೇ ಹಾಗೆ ಎಂದು ನನಗೆ ಅನ್ನಿಸುತ್ತದೆ.

ಇಂದು ಅದೇ ಸಮುದ್ರದ ಮೇಲೆ ಕಚ್ಚಾ ತೈಲ ಮಂಗಳೂರಿಗೆ ಬರುತ್ತದೆ. ಆಪತ್ಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ತೈಲ ಹಿಡಿಸುವ ಗುಹೆಗಳನ್ನು ಬಂಡೆಯೊಳಗೆ ಕೊರೆದಿದ್ದಾರೆ. ಹೊರ್ಮುಜ್ ಹತ್ತಿರ ಜಗಳವಾದರೆ ಹುಬ್ಬಳ್ಳಿಯ ಆಟೋದವರಿಗೂ ಅದರ ಬಿಸಿ ತಟ್ಟುತ್ತದೆ, ಗಲ್ಫ್‌ನಲ್ಲಿ ದುಡಿಯುವವರ ಮನೆಗಳಲ್ಲಿ ನಿದ್ದೆ ಹೋಗುತ್ತದೆ. ದಾಸ್ತಾನು ಕೆಲವು ದಿನ ಕಾಯಬಹುದು. ಅದಕ್ಕಿಂತ ಹೆಚ್ಚು ದಿನ ಕಾಯುವ ಸ್ನೇಹವನ್ನು ಶಾಂತಿ ಇದ್ದಾಗಲೇ, ಇಬ್ಬರಿಗೂ ಲಾಭವಾಗುವಂತೆ ಕಟ್ಟಿಕೊಳ್ಳಬೇಕು.